ಕಾಯಲು ಕಲಿತ ಕರುಳು

ಧಾರವಾಡದ ಲೀಗ್ ಪಂದ್ಯಗಳ ಅಂಪೈರ್ ಪ್ರಭುಲಿಂಗ ತನ್ನ ಜೀವಮಾನದಲ್ಲಿ ಕೊಟ್ಟ ಅತಿ ದೊಡ್ಡ ತಪ್ಪು ತೀರ್ಪು ಒಂದು ಸಿಕ್ಸರ್. ಬ್ಯಾಟ್ಸ್‌ಮನ್ ಆ ಚೆಂಡನ್ನು ಮುಟ್ಟಿರಲೇ ಇಲ್ಲ. ಬೌಲರ್ ಇನ್ನೂ ಓಡಿ ಬರುತ್ತಿದ್ದ. ಅಷ್ಟರಲ್ಲಿ ಪ್ರಭುಲಿಂಗನ ಹೊಟ್ಟೆಯೊಳಗಿಂದ ಕರೆ ಬಂತು. ಆಟ ನಿಲ್ಲಿಸಲು ಎರಡೂ ಕೈ ಮೇಲೆತ್ತಿದವನು ಎತ್ತಿದ ಕೈ ಇಳಿಸದೆ ಹಾಗೇ ಪೆವಿಲಿಯನ್ ಕಡೆಗೆ ಓಡಿದ. ಸ್ಕೋರರ್ ಆರು ರನ್ ಬರೆದುಕೊಂಡ.

ನಕ್ಕವರೆಲ್ಲ ಅವನ ಗೆಳೆಯರೇ. ಸುಭಾಸ ರಸ್ತೆಯಲ್ಲಿ ಅವನದೊಂದು ಕನ್ನಡಕದ ಅಂಗಡಿಯಿತ್ತು. ಒಂದು ಎಲ್‌ಬಿಡಬ್ಲ್ಯೂ ತಪ್ಪಿದರೆ ಸಾಕು, "ಪ್ರಭಣ್ಣಾ, ನಿನ್ನ ಅಂಗಡ್ಯಾಗಿಂದ ನಿನಗೂ ಒಂದು ಕನ್ನಡಕ ತಗೊಳ್ಳಪಾ!" ಎಂದು ಕೂಗುವುದು ಅವರ ಪದ್ಧತಿ. ದೊಡ್ಡ ಪಂದ್ಯಗಳಲ್ಲಿ ಅಂಪೈರ್‌ಗಳು ಮೈದಾನದಿಂದ ಮಾಯವಾಗಿ, ಯಂತ್ರದ ಕಣ್ಣುಗಳೇ ತೀರ್ಪು ಕೊಡುತ್ತಿದ್ದ ಕಾಲ ಅದು. ಜಿಲ್ಲಾ ಲೀಗಿಗೆ ಅಂಥ ಯಂತ್ರ ತರುವ ತಾಕತ್ತಿರಲಿಲ್ಲ. ಪ್ರತಿ ಭಾನುವಾರ ಪ್ರಭುಲಿಂಗನೇ ಸ್ಟಂಪಿನ ಹಿಂದೆ ನಿಲ್ಲಬೇಕಿತ್ತು. ನಿಲ್ಲುವುದೆಂದರೆ ಅವನಿಗೆ ಬಲು ಇಷ್ಟ.

ಆ ಸಿಕ್ಸರ್ ಆದ ಮೇಲೆ ಅವನು ನಿಲ್ಲಲಿಲ್ಲ.

ಅದಕ್ಕೆ ಒಂದು ವರ್ಷ ಮುಂಚೆ ಗುದನಾಳದಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತ್ತು. ವೈದ್ಯರು ವಿಕಿರಣ ಕೊಟ್ಟು, ಹೊಟ್ಟೆ ತೆರೆದು, ಕರುಳಿನ ಆ ಕೊನೆಯ ಭಾಗವನ್ನು ಕತ್ತರಿಸಿ ತೆಗೆದು, ಮೇಲಿನ ಕರುಳನ್ನು ಕೆಳಕ್ಕೆ ಎಳೆದು ಜೋಡಿಸಿದರು. ಕೆಲವು ತಿಂಗಳು ಹೊಟ್ಟೆಯ ಮೇಲೊಂದು ಚೀಲ. ಮತ್ತೆ ಹೊಟ್ಟೆ ತೆರೆದು ಅದನ್ನು ತೆಗೆದರು. ಆಮೇಲೆ ಕರುಳು ಗಂಟಿಕ್ಕಿಕೊಂಡಿತೆಂದು ಮೂರನೆಯ ಸಲವೂ ತೆರೆದರು. ರೋಗ ಹೋಯಿತು. ಆದರೆ ಕರುಳಿನ ಆ ಕೊನೆಯ ಗೇಣು ಉಗ್ರಾಣವೂ ಹೌದು, ಬಾಗಿಲು ಕಾಯುವವನೂ ಹೌದು ಎಂಬುದು ಪ್ರಭುಲಿಂಗನಿಗೆ ಗೊತ್ತಾದದ್ದು ಅದನ್ನು ಕಳೆದುಕೊಂಡ ಮೇಲೆಯೇ. ಉಗ್ರಾಣ ಹೋಗಿತ್ತು, ಕಾವಲಿನ ನರಗಳು ವಿಕಿರಣಕ್ಕೆ ಸುಟ್ಟಿದ್ದವು. ಒಮ್ಮೆ ಹೋಗಿ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಮತ್ತೆ ಕರೆ, ಅದು ಮುಗಿಯುವಷ್ಟರಲ್ಲಿ ಇನ್ನೊಂದು. ಬರುವುದು ಬರೀ ವಾಯುವೋ ಬೇರೆಯದೋ ಎಂಬುದೂ ತಿಳಿಯುತ್ತಿರಲಿಲ್ಲ.

ಮನೆ ಇದಕ್ಕೆ ಹೊಂದಿಕೊಂಡಿತು. ಹೆಂಡತಿ ಕಸ್ತೂರಿ ಖಾರ ಇಳಿಸಿದಳು, ಜೋಳದ ರೊಟ್ಟಿಯ ಜಾಗಕ್ಕೆ ಮೆತ್ತನ್ನ ಅನ್ನ ತಂದಳು. ಮದುವೆಮನೆಗಳಲ್ಲಿ ಬಾಗಿಲ ಪಕ್ಕದ ಕುರ್ಚಿಯನ್ನೇ ಮೊದಲು ಹೋಗಿ ಹಿಡಿಯುತ್ತಿದ್ದಳು. ಅವಳ ಚೀಲದ ತಳದಲ್ಲಿ ಅವನದೊಂದು ಮಡಿಸಿದ ಪ್ಯಾಂಟು ಯಾವಾಗಲೂ ಇರುತ್ತಿತ್ತು. ಆ ವಿಷಯ ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಹೊರಗೆ ಹೋಗುವುದಿದ್ದರೆ ಪ್ರಭುಲಿಂಗ ಹಿಂದಿನ ರಾತ್ರಿಯಿಂದಲೇ ಉಪವಾಸ. "ಹಸಿವಿಲ್ಲ" ಎನ್ನುತ್ತಿದ್ದ. ಅವಳು ನಂಬಿದವಳಂತೆ ಇರುತ್ತಿದ್ದಳು.

ಹೀಗಿರುವಾಗ ಊರ ಹೊರಗಿನ ಪ್ರಯೋಗಾಲಯದ ಡಾಕ್ಟರ್ ನಸ್ರೀನ್ ಮುಲ್ಲಾ ಅವನನ್ನು ಕರೆಸಿದರು. ಹುಬ್ಬಳ್ಳಿಯ ಹುಡುಗಿ, ವಯಸ್ಸಿನಲ್ಲಿ ಅವನ ಮಗಳ ಸಮ. ಕರುಳಿನ ನರಗಳ ಬಗ್ಗೆ ಮಾತಾಡತೊಡಗಿದರೆ ಎದುರಿಗಿದ್ದವರ ಚಹಾ ಆರಿಹೋಗುತ್ತಿತ್ತು.

"ಅಂಪೈರ್ ಸಾಹೇಬ್ರ, ಕರುಳಿಗೆ ತನ್ನದ ಆದ ಒಂದು ಬುದ್ಧಿ ಐತ್ರಿ. ಅದರ ಗ್ವಾಡಿಯೊಳಗ ಕೋಟಿಗಟ್ಟಲೆ ನರಕೋಶ ಅದಾವು. ಯಾವುದನ್ನ ದೂಡಬೇಕು, ಯಾವುದನ್ನ ತಡೀಬೇಕು ಅಂತ ತಾವ ಮಾತಾಡಿ ನಿರ್ಧಾರ ಮಾಡ್ತಾವು. ಮಿದುಳಿಗೆ ಎಲ್ಲಾ ಹೇಳೂದೂ ಇಲ್ಲ."

"ನಮ್ಮ ಲೀಗ್ ಕಮಿಟಿ ಇದ್ದಂಗ," ಎಂದ ಪ್ರಭುಲಿಂಗ.

ಅಂಥ ನರಕೋಶಗಳನ್ನು ಬೆಳೆಸಿ ರೋಗಿಗಳಿಗೆ ಹಾಕುವ ಪ್ರಯತ್ನ ಮೊದಲೇ ನಡೆದಿತ್ತು. ಬಿಡಿಬಿಡಿಯಾಗಿ ಬೆಳೆದ ಕೋಶಗಳು ಹಸುಗೂಸಿನ ಕರುಳಿನಂತೆ ಮನಸ್ಸು ಬಂದಾಗ ಬಿಡುತ್ತಿದ್ದವು. ಯಾಕೆಂದರೆ ತಡೆಯುವುದೆಂಬುದು ಕೋಶದಲ್ಲಿರುವ ಗುಣವಲ್ಲ, ಕೋಶಗಳ ನಡುವಿನ ನಂಟಿನಲ್ಲಿರುವ ಅಭ್ಯಾಸ. ಒಂದು ಪ್ರಶ್ನೆ ನಸ್ರೀನ್ ಅವರನ್ನು ಬಹಳ ದಿನ ಕಾಡಿತ್ತು. ಆರೋಗ್ಯವಂತರೊಬ್ಬರ ಕರುಳಿನಿಂದ ಕೋಶಗಳ ಜೊತೆಗೆ ಆ ನಂಟುಗಳನ್ನೂ ಇದ್ದ ಹಾಗೆಯೇ ನಕಲು ಮಾಡಿದರೆ? ಅಭ್ಯಾಸವೂ ಬಂದೀತೆ?

ಅವರು ತೆಳುವಾದ ಪೊರೆಯ ಮೇಲೆ ಆ ನಕಲನ್ನು ಹೆಣೆಯುವ ಯಂತ್ರ ಮಾಡಿದರು. ಹೆಣೆದದ್ದನ್ನು ಹೊಟ್ಟೆ ತೆರೆಯದೆ, ಸಣ್ಣ ನಳಿಕೆಯ ಮೂಲಕ ಕರುಳಿನ ಸುತ್ತ ಸುತ್ತಬಹುದಿತ್ತು. ವರ್ಷಗಟ್ಟಲೆ ಬಳಕೆಯಾಗಿ ಬಲಿತ ನಂಟುಗಳುಳ್ಳ, ಮೈ ಒಪ್ಪುವ ರಕ್ತಸಂಬಂಧಿಯೊಬ್ಬರು ಬೇಕಿತ್ತು. ಪ್ರಭುಲಿಂಗನಿಗೆ ಇದ್ದವಳು ಒಬ್ಬಳೇ ಅಕ್ಕ, ಚಂಪಕ್ಕ. ನವಲಗುಂದದ ಕಡೆಯ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಆ ಸೀಮೆಯಲ್ಲಿ ಅವಳು ಈಗಲೂ ಎಲ್ಲರಿಗೂ ಅಕ್ಕೋರು.

ದಾನಿಯನ್ನು ವಿಚಾರಿಸುವ ದಿನ ನಮ್ಮವರು ಮಾಡುವಂತೆ ಮನೆಮಂದಿಯೆಲ್ಲ ಬಂದಿದ್ದರು. ಚಂಪಕ್ಕ, ಅವಳ ಮಗಳು, ಅಳಿಯ, ಅಳಿಯನ ತಂದೆ, ಕಸ್ತೂರಿ, ಪ್ರಭುಲಿಂಗ. ಕುರ್ಚಿ ಸಾಲದೆ ಅಳಿಯ ನಿಂತೇ ಇದ್ದ.

"ಅಕ್ಕಾರ, ಹೊಟ್ಟಿದು, ಬಯಲಕಡಿದು ಎಲ್ಲಾ ಸರಿ ಐತ್ರಿ? ಏನರ ತೊಂದ್ರಿ?" ಎಂದು ನಸ್ರೀನ್ ಕೇಳಿದರು.

ಚಂಪಕ್ಕ ಸೆರಗನ್ನು ಸರಿಮಾಡಿಕೊಂಡಳು. ಬೀಗರ ಕಡೆ ನೋಡಲಿಲ್ಲ. "ಎಲ್ಲಾ ನಾರ್ಮಲ್ ಐತ್ರಿ," ಎಂದಳು.

"ಅವರು ಭಾಳ ಗಟ್ಟಿ ಅದಾರ್ರೀ," ಎಂದು ಅಳಿಯ ಸೇರಿಸಿದ. ಪರೀಕ್ಷೆಗಳೂ ಹಾಗೆಯೇ ಹೇಳಿದವು. ಸಾಸಿವೆಯಷ್ಟು ತುಣುಕು ತೆಗೆದರು, ಅದರ ನಕಲು ಹೆಣೆದರು, ಪ್ರಭುಲಿಂಗನಿಗೆ ಸುತ್ತಿದರು. ಬಲೆಯಂತೆ ಹೆಣೆದದ್ದೆಂದು ಕಸ್ತೂರಿ ಅದಕ್ಕೆ ಜಾಳಿಗೆ ಎಂದು ಹೆಸರಿಟ್ಟಳು.

ಜಾಳಿಗೆ ಹಿಡಿಯಿತು. ಎಷ್ಟು ಚೆನ್ನಾಗಿ ಎಂದರೆ, ಮೊದಲ ದಿನಗಳಲ್ಲಿ ಪ್ರಭುಲಿಂಗ ಬೇಕೆಂದೇ ಅಂಗಡಿಯಲ್ಲಿ ನಿಂತು ಗಿರಾಕಿಗಳೊಡನೆ ಹರಟಿದ. ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಏನೂ ಕೆಲಸವಿಲ್ಲದೆ ಒಂದು ದೋಸೆ ತಿಂದು ಬಂದ. ಬೆಳಗಿನಿಂದ ಸಂಜೆವರೆಗೆ ಹೊಟ್ಟೆ ಒಂದೇ ಒಂದು ಸಲವೂ ಕರೆಯಲಿಲ್ಲ. ಲೀಗ್ ಕಾರ್ಯದರ್ಶಿ ಮಲ್ಲೇಶನಿಗೆ ಫೋನ್ ಮಾಡಿ, "ನನ್ನ ಬಿಳಿ ಕೋಟು ಇಸ್ತ್ರಿ ಮಾಡಸ್ತೇನಿ ನೋಡು" ಎಂದೂ ಹೇಳಿದ.

ಆಮೇಲೆ ತಿಳಿಯಿತು, ಜಾಳಿಗೆ ಹಿಡಿಯುತ್ತದೆ, ಬಿಡುವುದಿಲ್ಲ.

ಹೊಟ್ಟೆ ಉಬ್ಬಿತು. ಊಟ ಸೇರಲಿಲ್ಲ. ಔಷಧಿ ಕೊಟ್ಟರೆ ಮೇಲಿನ ಕರುಳು ನುಲಿಯಿತೇ ಹೊರತು ಕೆಳಗೆ ಬಾಗಿಲು ತೆರೆಯಲಿಲ್ಲ. ನೀರು ಹಾಯಿಸಿ ತೊಳೆದದ್ದರಿಂದ ಅರೆಬರೆ ಉಪಶಮನ. "ನೀರು ಹೆಚ್ಚು ಕುಡೀಬೇಕು, ದಿನಾ ಪೂರ್ತಿ ಗುಟುಕು ಗುಟುಕು" ಎಂದು ನಸ್ರೀನ್ ಹೇಳಿದ್ದರು. ಕಸ್ತೂರಿ ಲೋಟ ಹಿಡಿದು ಅವನ ಹಿಂದೆಯೇ ತಿರುಗಿದಳು.

ಪ್ರಯೋಗಾಲಯದ ಗೋಡೆಯ ಪರದೆಯ ಮೇಲೆ ಜಾಳಿಗೆಯ ವಿದ್ಯುತ್ ಅಲೆಗಳು ಹಸಿರು ಗೆರೆಗಳಾಗಿ ಹರಿಯುತ್ತಿದ್ದವು. ಒಂದು ಅಲೆ ಮೇಲಿನಿಂದ ಹೊರಟು ಇಳಿದು ಬಂದು, ಕೊನೆಗೆ ಸ್ವಲ್ಪ ಮುಂಚೆ ತಟ್ಟನೆ ಚಪ್ಪಟೆಯಾಗುತ್ತಿತ್ತು. ಮತ್ತೊಂದು ಅಲೆಯೂ ಅದೇ ಜಾಗದಲ್ಲಿ.

"ಇದು ಸತ್ತಿಲ್ಲ ನೋಡ್ರಿ," ಎಂದರು ನಸ್ರೀನ್, ಪರದೆಯಿಂದ ಕಣ್ಣು ತೆಗೆಯದೆ. "ಭಾಳ ಹುಷಾರೈತಿ. ಬೇಕಂತ ತಡದೈತಿ. ಏನೋ ಒಂದು ಸುಳುಹಿಗೆ ಕಾಯಾಕತ್ತೇತಿ. ಯಾವುದಕ್ಕಂತ ನನಗ ತಿಳೀವಲ್ದು."

"ತಿಳೀಲಿಲ್ಲಂದ್ರ?"

ಅವರು ಕುರ್ಚಿ ತಿರುಗಿಸಿ ಅವನ ಮುಖ ನೋಡಿ ಹೇಳಿದರು. "ಸೋಮವಾರ ತಗೀಬೇಕಾಗತೈತ್ರಿ. ಇನ್ನೂ ಕಾದ್ರ ಕರುಳು ಹರೀತೈತಿ. ಈಗದು ಕರುಳಿಗೆ ಬೆಸೆದು ಬಿಟ್ಟೈತಿ, ನಳಿಕಿಯೊಳಗ ಬರೂದಿಲ್ಲ. ಹೊಟ್ಟಿ ತೆರೀಬೇಕು. ಕಾಯಂ ಚೀಲ ಹಾಕಬೇಕು. ಚೀಲಕ್ಕ ನಾ ಅಂಜೂದಿಲ್ಲ, ಚೀಲ ಹಾಕ್ಕೊಂಡು ಎಷ್ಟೋ ಮಂದಿ ಆರಾಮ ಬದುಕ್ಯಾರ. ನಾಲ್ಕನೇ ಸಲ ತೆರೆಯೂದಕ್ಕ ಅಂಜತೇನಿ. ನಿಮ್ಮ ಹೊಟ್ಯಾಗ ಎಲ್ಲಾ ಒಂದಕ್ಕೊಂದು ಅಂಟಿಕೊಂಡೈತಿ."

ಪ್ರಭುಲಿಂಗ ತಲೆಯಾಡಿಸಿದ. ಔಟಾದ ಆಟಗಾರರು ತನ್ನ ಬೆರಳು ನೋಡಿ ಏನೂ ಅನ್ನದೆ ಹೊರಡುವಾಗ ಹೀಗೇ ಅನಿಸುತ್ತಿದ್ದಿರಬೇಕು ಎಂದುಕೊಂಡ.

ವಿಷಯ ತಿಳಿದು ಮರುದಿನ ಬೆಳಿಗ್ಗೆಯೇ ಚಂಪಕ್ಕ ಬಂದಳು. ನವಲಗುಂದದಿಂದ ಬಸ್ಸಿನಲ್ಲಿ ಬಂದವಳ ಮುಖ ಬಿಸಿಲಿಗೆ ಬಾಡಿತ್ತು. ಕಸ್ತೂರಿ ತಾಟಿನಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದಿಟ್ಟಳು. ಚಂಪಕ್ಕ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ತಮ್ಮನ ಪಕ್ಕ ಕೂತಳು.

"ಮಾರಿ ನೋಡು ಹ್ಯಾಂಗ ಮಾಡ್ಕೊಂಡಿ. ನನ್ನ ಜಾಳಿಗಿ ಇಷ್ಟು ಹಟಮಾರಿ ಅಂತ ನನಗೇನು ಗೊತ್ತೋ."

"ನಿನ್ನಂಗ ಐತಿ. ಸಣ್ಣಾವಿದ್ದಾಗ ನನ್ನ ಚಂಡು ಕಸಗೊಂಡು ಹಿಂಗ ಹಿಡದಿದ್ದಿ, ಬಿಡಲಿಲ್ಲ."

"ಬ್ಯಾರೇರ ಕಿಡಕಿ ಒಡದಿದ್ದಿ, ಅದಕ್ಕ!"

ಕಸ್ತೂರಿ ಅವನ ಕೈಗೆ ಲೋಟ ಕೊಟ್ಟಳು. "ಕುಡೀರಿ. ಆಗಲೇ ಹೊತ್ತಾತು."

"ಏ, ನಾ ಏನು ಕೊಡಪಾನ ಏನ?" ಎಂದು ಗೊಣಗಿ ಅವನು ಕುಡಿದ. ಲೋಟ ಕೆಳಗಿಡುವಾಗ ಅಕ್ಕನ ಮುಂದಿದ್ದ ತಂಬಿಗೆ ಕಣ್ಣಿಗೆ ಬಿತ್ತು. ಬಿಸಿಲಲ್ಲಿ ಬಂದವಳು ಒಂದು ಗುಟುಕೂ ಕುಡಿದಿರಲಿಲ್ಲ.

"ನೀರು ಕುಡಿಯವಾ."

"ಆಮ್ಯಾಲೆ ಕುಡೀತೇನಿ ತಗೋ. ಮಧ್ಯಾಹ್ನದ ಬಸ್ಸಿಗೆ ಹೊಳ್ಳಿ ಹೋಗಬೇಕು."

ಪ್ರಭುಲಿಂಗ ಅದನ್ನು ನೂರು ಸಲ ಕೇಳಿದ್ದ. ಅವಳು ಯಾವ ಊರಿಗೆ ಬಂದರೂ, ಯಾರ ಮನೆಗೆ ಹೋದರೂ ಹೀಗೇ. ಜನ ಅದನ್ನು ಅವಳ ಗುಣವೆಂದು ತಿಳಿದಿದ್ದರು. ಇಂದು ಮಾತ್ರ ಆ ಮಾತು ಬೇರೆಯ ಜಾಗಕ್ಕೆ ಬಂದು ಬಡಿಯಿತು. ಹೊರಗೆ ಹೋಗುವ ಮುನ್ನ ತಾನು "ಹಸಿವಿಲ್ಲ" ಎನ್ನುತ್ತಿದ್ದುದಕ್ಕೂ ಇದಕ್ಕೂ ಧ್ವನಿ ಒಂದೇ ಆಗಿತ್ತು.

"ಅಕ್ಕಾ," ಎಂದ ಮೆಲ್ಲಗೆ. "ಸಾಲ್ಯಾಗ ಇದ್ದಾಗ ನೀ ಯಾವಾಗ ಹೋಗ್ತಿದ್ದಿ?"

ಚಂಪಕ್ಕ ಅವನನ್ನು ನೋಡಿದಳು. ತಂಬಿಗೆಯನ್ನು ನೋಡಿದಳು. "ಹೋಗು ಹುಚ್ಚ, ಅಕ್ಕಗ ಇಂಥಾವೆಲ್ಲ ಕೇಳ್ತಾರೇನು?"

"ನಿನ್ನ ಕರುಳು ನನ್ನ ಹೊಟ್ಯಾಗೈತಿ. ಇನ್ನ ಏನು ಮುಚ್ಚುಮರಿ?"

ಕಸ್ತೂರಿ ಅತ್ತಿಗೆಯ ಪಕ್ಕ ನೆಲದ ಮೇಲೆ ಕೂತು ಅವಳ ಮೊಣಕಾಲ ಮೇಲೆ ಕೈಯಿಟ್ಟಳು. ಚಂಪಕ್ಕ ಎದ್ದು, "ಆ ಡಾಕ್ಟರ್ ಹುಡುಗಿ ಕಡೆ ನಡೀರಿ. ಎರಡೆರಡು ಸಲ ಹೇಳೂದು ನನ್ನಿಂದ ಆಗೂದಿಲ್ಲ," ಎಂದಳು.

ಈ ಸಲ ಪ್ರಯೋಗಾಲಯದ ಕೋಣೆಯಲ್ಲಿ ಇದ್ದವರು ನಾಲ್ಕೇ ಜನ. ಪ್ರಭುಲಿಂಗ ಹೊರಗೆ ಹೋಗಲು ಎದ್ದ. "ಕುಂದ್ರು," ಎಂದಳು ಚಂಪಕ್ಕ, ತರಗತಿಯಲ್ಲಿ ಹೇಳುವಂತೆ. ಅವನು ಕೂತ. ಆದರೂ ಅವಳು ಮಾತಾಡಿದ್ದು ಗೋಡೆಯ ಹಸಿರು ಗೆರೆಗಳ ಜೊತೆ.

"ನಮ್ಮದು ಎರಿ ಸೀಮಿರಿ. ಕಣ್ಣು ಹಾಯೂತನಕ ಕರೇ ಹೊಲ. ಮರಿಗೆ ಕುಂದ್ರಾಕ ಒಂದು ಗಿಡ ಇಲ್ಲ. ಸಾಲಿಗೆ ಒಂದು ಶೌಚಾಲಯ ಕಟ್ಟಿಸಿದ್ರು. ಅದರಾಗ ಬಿಸಿಯೂಟದ ಅಕ್ಕಿ ಚೀಲ ಇಟ್ರು, ಬ್ಯಾರೆ ಜಾಗ ಇರಲಿಲ್ಲಂತ. ಮಕ್ಕಳ ಅಕ್ಕಿ, ತಗೀರಿ ಅಂತ ಹ್ಯಾಂಗ ಅನ್ಲಿ? ಇದ್ದಾಕಿ ನಾ ಒಬ್ಬಾಕಿ. ಮುಂಜಾನೆ ಮನಿ ಬಿಡೂ ಮುಂದ ನೀರು ಮುಟ್ಟತಿರಲಿಲ್ಲ. ಸಂಜೀಕ ಹೊಳ್ಳಿ ಬಂದು, ಚಪ್ಪಲಿ ಬಿಟ್ಟು, ಒಂದು ತಂಬಿಗಿ ನೀರು ಒಂದ ಉಸಿರಿಗೆ ಕುಡೀತಿದ್ದೆ. ಆಮ್ಯಾಲೆ ಎಲ್ಲಾ. ಮೊದಮೊದಲು ಭಾಳ ನೋವಾತು. ಬರಬರ್ತಾ ಹೊಟ್ಟಿ ತಾನ ಕಲೀತು. ನೌಕರಿ ಮುಗೀತನಕ ಹಂಗ. ಈಗೂ ಹಂಗ."

"ನಾ ಅವತ್ತು ನಿಮ್ಮನ್ನ ಬೀಗರ ಮುಂದ ಕುಂದ್ರಿಸಿ ಕೇಳಿದೆ," ಎಂದರು ನಸ್ರೀನ್. "ನಮ್ಮ ಅಮ್ಮಿನೂ ನಾರ್ಮಲ್ ಅಂತನ ಹೇಳ್ತಿದ್ಲು."

ಆಮೇಲೆ ಅವರು ಎದ್ದು ಪರದೆಯ ಬಳಿ ಹೋದರು. ನರಕೋಶಕ್ಕೆ ಶಾಲೆಯ ಗಂಟೆ ಕೇಳುವುದಿಲ್ಲ, ಮನೆಯ ಬಾಗಿಲು ಕಾಣುವುದಿಲ್ಲ. ಅದಕ್ಕೆ ತಿಳಿಯುವುದು ಒಣಗು, ಒದ್ದೆ, ಹಿಗ್ಗು ಇಂಥವು ಮಾತ್ರ. ದಿನವಿಡೀ ಒಣಗಿದ ಕರುಳಿಗೆ ಒಮ್ಮೆಲೇ ನೀರು ಬಂದರೆ ಮನೆ ಬಂತೆಂದು ಅರ್ಥ. ಅದೊಂದೇ ಬಾಗಿಲು ತೆಗೆಯುವ ಸುಳುಹು. ತಾವೋ ಅವನಿಗೆ ದಿನವಿಡೀ ಗುಟುಕು ಗುಟುಕಾಗಿ ಕುಡಿಸಿ ಆ ಸುಳುಹು ಹುಟ್ಟಲೇ ಬಿಡಲಿಲ್ಲ. ಜಾಳಿಗೆಯ ಲೆಕ್ಕದಲ್ಲಿ ಇನ್ನೂ ಶಾಲೆ ಬಿಟ್ಟಿರಲಿಲ್ಲ.

"ನಾಳೆ ಮುಂಜಾನಿಂದ ಬಾಯಿಗೆ ಒಂದು ಹನಿ ನೀರಿಲ್ಲ," ಎಂದರು. "ಮೈಗೆ ಬೇಕಾದಷ್ಟು ಸಲೈನಿನ್ಯಾಗ ಕೊಡ್ತೇನಿ, ಇಲ್ಲೇ ನನ್ನ ಕಣ್ಣಮುಂದ. ಯಾರೂ ಇದನ್ನ ಮನ್ಯಾಗ ಮಾಡಬಾರದು. ಸಂಜೀಕ ನೋಡೂಣು."

ಚಂಪಕ್ಕ ಮಧ್ಯಾಹ್ನದ ಬಸ್ಸಿಗೆ ಹೋಗಲಿಲ್ಲ. "ನಿನಗ ಏನರ ಛಲೋದು ಕೊಡಬೇಕಂತಿದ್ದೆ," ಎಂದಳು ಮನೆಗೆ ಬರುವ ದಾರಿಯಲ್ಲಿ. "ನನ್ನ ಸಂಕಟಾನ ಕೊಟ್ಟಂಗಾತು."

"ನನಗ ತಡಕೊಳ್ಳಾಕ ಬರತಿರಲಿಲ್ಲ, ನಿನಗ ಬಿಡಾಕ ಬರತಿರಲಿಲ್ಲ," ಎಂದ ಪ್ರಭುಲಿಂಗ. "ಒಂದ ಮನಿ ಮಕ್ಕಳು ಅಲ್ಲೇನು ನಾವು."

ಮರುದಿನ ಸಂಜೆ, ತುಟಿ ಒಣಗಿ ಕೂತಿದ್ದ ತಮ್ಮನಿಗೆ ಚಂಪಕ್ಕನೇ ತಂಬಿಗೆ ಹಿಡಿದಳು. ಲೋಟದಲ್ಲಿ ಕೊಡಲು ಬಂದ ನರ್ಸನ್ನು, "ಹಂಗಲ್ಲವಾ, ತಂಬಿಗಿ ಎತ್ತಿ ಕುಡೀಬೇಕು" ಎಂದು ತಡೆದಳು. ಅವನು ಉಸಿರು ಬಿಗಿಹಿಡಿದು ಗಟಗಟನೆ ಕುಡಿದ. ಎಲ್ಲರೂ ಪರದೆ ನೋಡಿದರು. ಒಂದು ಅಲೆ ಹೊರಟಿತು. ಇಳಿಯಿತು. ಎಂದಿನ ಜಾಗಕ್ಕೆ ಬಂದು, ಅನುಮಾನ ಬಂದಂತೆ ತುಸು ತಗ್ಗಿತು.

"ಹೋಗು," ಎಂದಳು ಚಂಪಕ್ಕ ಪರದೆಗೆ, ಶಾಲೆ ಬಿಟ್ಟಾಗ ಮಕ್ಕಳಿಗೆ ಹೇಳುವಂತೆ. "ಮನಿ ಬಂತು, ಹೋಗು."

ಅಲೆ ದಾಟಿತು. ಅದರ ಹಿಂದೆ ಇನ್ನೊಂದು. ಪ್ರಭುಲಿಂಗ ಸಲೈನ್ ಕಂಬವನ್ನು ಕೈಯಲ್ಲಿ ಹಿಡಿದು ಪಕ್ಕದ ಕೋಣೆಗೆ ಓಡಿದ. ಅವನು ಹೊರಗೆ ಬಂದಾಗ ಕಸ್ತೂರಿ ಅಳುತ್ತಿದ್ದಳು, ನಸ್ರೀನ್ ಯಾರಿಗೋ ಫೋನಿನಲ್ಲಿ ಸೋಮವಾರದ ಶಸ್ತ್ರಕ್ರಿಯೆ ಬೇಡವೆನ್ನುತ್ತಿದ್ದರು. ಚಂಪಕ್ಕ ಖಾಲಿ ತಂಬಿಗೆಯನ್ನು ಸೆರಗಿನಿಂದ ಒರೆಸುತ್ತಿದ್ದಳು.

ಮುಂದಿನ ತಿಂಗಳುಗಳಲ್ಲಿ ಅವರು ಜಾಳಿಗೆಗೆ ಹೊಸ ಪಾಠ ಹೇಳಿಕೊಟ್ಟರು. ಆ ತಂಬಿಗೆ ನೀರನ್ನು ಸಂಜೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಿಗ್ಗೆಗೆ ಸರಿಸುತ್ತ ಬಂದರು. ಆಮೇಲೆ ದಿನದ ನಡುವಿನ ಗುಟುಕುಗಳು ಒಂದೊಂದಾಗಿ ಮರಳಿದವು. ಜಾಳಿಗೆ ಹಳೆಯ ಪಾಠ ಮರೆಯಲಿಲ್ಲ, ಹೊಸದೊಂದನ್ನು ಕಲಿಯಿತು. ಎಲ್ಲ ದಿನವೂ ಒಂದೇ ಥರ ಇರಲಿಲ್ಲ. ಕೆಟ್ಟ ದಿನಗಳೂ ಬಂದವು. ಕಸ್ತೂರಿಯ ಚೀಲದ ತಳದಲ್ಲಿ ಆ ಪ್ಯಾಂಟು ಇನ್ನೂ ಇತ್ತು. ಆದರೆ ಅವಳು ಜೋಳದ ರೊಟ್ಟಿ ಬಡಿಯತೊಡಗಿದ್ದಳು, ಮಲ್ಲೇಶ ಫೋನ್ ಮಾಡತೊಡಗಿದ್ದ.

ಕೊನೆಗೊಂದು ಭಾನುವಾರ ಪ್ರಭುಲಿಂಗ ಇಸ್ತ್ರಿಯಾದ ಬಿಳಿ ಕೋಟು ತೊಟ್ಟು ಮೈದಾನಕ್ಕೆ ಇಳಿದ. ಇಬ್ಬರು ನಾಯಕರು ಟಾಸಿಗೆ ಬಂದು ನಿಂತರು. "ಪ್ರಭಣ್ಣಾ, ಕನ್ನಡಕ ತಂದೀ?" ಎಂದು ಗ್ಯಾಲರಿಯಿಂದ ಯಾರೋ ಕೂಗಿದರು. ಅವನ ಕಣ್ಣು ಶಾಮಿಯಾನದ ಕಡೆಗಿತ್ತು. ಅಲ್ಲಿ ಕಸ್ತೂರಿ ಚಂಪಕ್ಕನ ಕೈಗೆ ನೀರಿನ ಬಾಟಲಿ ಕೊಟ್ಟಳು. ಚಂಪಕ್ಕ ಅದನ್ನು ತೆರೆಯದೆ ಕುರ್ಚಿಯ ಕೆಳಗಿಟ್ಟಳು.

ಪ್ರಭುಲಿಂಗ ಮಲ್ಲೇಶನನ್ನು ಕರೆದ. "ಇಲ್ಲಿ ಹೆಣ್ಣುಮಕ್ಕಳ ಶೌಚಾಲಯ ಇತ್ತಲ್ಲ, ಕೀಲಿ ಯಾರ ಕಡೆ ಐತಿ?"

"ಕೀಲಿ ನನ್ನ ಕಡೇನ ಐತಿ. ಅದರಾಗ ಮ್ಯಾಟು, ನೆಟ್ಟು ಇಟ್ಟೇವಣ್ಣಾ. ಬ್ಯಾರೆ ಜಾಗ ಇಲ್ಲಲ್ಲ."

ಪ್ರಭುಲಿಂಗ ಒಂದು ಕ್ಷಣ ಅವನ ಮುಖವನ್ನೇ ನೋಡಿದ. "ತಗೀರಿ."

"ಮ್ಯಾಚ್ ಮುಗದ ಮ್ಯಾಲೆ..."

"ನಾಣ್ಯ ನನ್ನ ಕಿಸೇದಾಗೈತಿ, ಮಲ್ಲೇಶ."

ಎರಡೂ ತಂಡದವರು ಕೈಹಚ್ಚಿ ಮ್ಯಾಟು, ನೆಟ್ಟು, ಮುರಿದ ಸ್ಟಂಪುಗಳನ್ನೆಲ್ಲ ಹೊರಗೆ ಹೊತ್ತರು. ಪಿಚ್ಚಿಗೆ ನೀರು ಬಿಡುವ ಪೈಪಿನಿಂದ ನೆಲ ತೊಳೆದರು. ಒಬ್ಬ ಬಕೆಟ್ ತುಂಬಿಸಿಟ್ಟ, ಇನ್ನೊಬ್ಬ ಚಿಲಕಕ್ಕೆ ಎಣ್ಣೆ ಬಿಟ್ಟ. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಅಂಪೈರ್ ಹೇಳಿದ್ದ, ಅಷ್ಟೇ. ಪ್ರಭುಲಿಂಗ ತಾನೇ ಒಳಹೊಕ್ಕು ಚಿಲಕವನ್ನು ಹಾಕಿ ತೆಗೆದು ನೋಡಿದ. ಆಮೇಲೆ ಪಿಚ್ಚಿನ ನಡುವೆ ಬಂದು ನಿಂತು ಶಾಮಿಯಾನದತ್ತ ನೋಡಿದ. ಕೈಸನ್ನೆ ಮಾಡಲಿಲ್ಲ. ಬರೀ ನಿಂತ.

ಚಂಪಕ್ಕ ಅಷ್ಟು ದೂರದಿಂದ ತಮ್ಮನನ್ನು ನೋಡಿದಳು. ತೆರೆದಿದ್ದ ಆ ಬಾಗಿಲನ್ನು ನೋಡಿದಳು. ಕುರ್ಚಿಯ ಕೆಳಗಿನ ಬಾಟಲಿ ಎತ್ತಿ, ಮುಚ್ಚಳ ತಿರುಗಿಸಿ, ಹಾಡುಹಗಲಿನಲ್ಲಿ ಅಷ್ಟು ಜನರ ನಡುವೆ ತಲೆ ಹಿಂದಕ್ಕೆ ಹಾಕಿ ಗಟಗಟನೆ ಕುಡಿದಳು.

ಪ್ರಭುಲಿಂಗ ಎರಡೂ ಕೈ ಮೇಲೆತ್ತಿದ.

ಟಾಸ್ ಕೂಡ ಆಗದ ಪಂದ್ಯದಲ್ಲಿ ಆರು ರನ್ನನ್ನು ಯಾರ ಹೆಸರಿಗೆ ಬರೆಯಬೇಕೆಂದು ತಿಳಿಯದೆ ಸ್ಕೋರರ್ ಪೆನ್ನು ಹಿಡಿದು ಹಾಗೇ ಕೂತ.